ನಾಲಿಗೆ ತಿದ್ದಿದ ಯಂತ್ರ

ನಾಲಿಗೆಗೆ ಅಂಟಿಸಿದ ಜಿಹ್ವಾಸಾರಥಿ ಯಂತ್ರ ಚುರುಕ್ಕೆಂದಿತು. ವೀರಶೆಟ್ಟಿಯ ನಾಲಿಗೆ ಅವನನ್ನು ಕೇಳದೆಯೇ ಹಿಂದಕ್ಕೆ ಸರಿಯಿತು. ಗಂಟಲಿನ ತಳದಿಂದ ‘ಬೋಂಝೂರ್’ ಎಂಬ ಫ್ರೆಂಚ್ ನಮಸ್ಕಾರ ಹೊರಟಿತು. ಇನ್ನೊಮ್ಮೆ ಹೇಳಿ ಎಂದರು ಪ್ರಯೋಗಶಾಲೆಯ ಡಾ. ಸುಲಭಾ ಕುಲಕರ್ಣಿ. ಅವರ ಪಾಲಿಗೆ ಅವನು ಬರೀ ಒಂದು ಮೊಂಡು ನಾಲಿಗೆ. ಅವನಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಯಂತ್ರವೆಂದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆ. ನಾಲಿಗೆಗೆ ಅಂಟಿಸಿದರೆ ಅದು ಸ್ನಾಯುಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಪರಭಾಷೆಯ ಉಚ್ಚಾರಕ್ಕೆ ತಕ್ಕಂತೆ ನಾಲಿಗೆಯನ್ನು ಮಡಿಸುತ್ತಿತ್ತು. ನಲವತ್ತು ದಿನಕ್ಕೆ ಪೊರೆ ಕರಗಿಹೋಗಿ ಅಭ್ಯಾಸ ಮಾತ್ರ ಉಳಿಯುತ್ತಿತ್ತು. ಅನುವಾದಯಂತ್ರಗಳ ವಟವಟಕ್ಕೆ ಬೇಸತ್ತ ಫ್ರಾನ್ಸಿನ ವಸ್ತುಸಂಗ್ರಹಾಲಯವೊಂದು, ಸ್ವಂತ ಬಾಯಿಂದ ಮೂವತ್ತು ಫ್ರೆಂಚ್ ಮಾತು ಆಡಬಲ್ಲ ಕುಶಲಕರ್ಮಿಯನ್ನೇ ಕಳಿಸಿ ಎಂದು ಹಠ ಹಿಡಿದಿತ್ತು. ವೀರಶೆಟ್ಟಿ ಅಲ್ಲಿ ಜನರೆದುರು, ಬೆಳ್ಳಿ ಕುಸುರಿ ಕೂರಿಸಿದ ಬಿದ್ರಿ ಲೋಹದ ಹೂದಾನಿಯೊಂದನ್ನು ಕಪ್ಪಾಗಿಸಿ ತೋರಿಸಬೇಕು. ಮೆಚ್ಚಿದರೆ ಬೀದರಿನ ಅವನ ಕಾರ್ಖಾನೆಗೆ ಹತ್ತು ವರ್ಷದ ಕೆಲಸ. ಇಲ್ಲದಿದ್ದರೆ ತಾತನ ಕಾಲದ ಆ ಕಾರ್ಖಾನೆ ಮುಚ್ಚಿದಂತೆಯೇ.

ಅವನ ತಮ್ಮ ಬಕ್ಕಪ್ಪನನ್ನೂ ಪ್ರಯೋಗಶಾಲೆಗೆ ಕರೆಸಿದ್ದರು. ಅವನು ಪೊರೆಯನ್ನು ಅಲ್ಲೇ ಉಗಿದು ಎದ್ದು ಬಂದ. ಬಾಯಿ ಮಾರಿಕೊಂಡವ ಎಂದು ಅಣ್ಣನನ್ನು ಓಣಿ ತುಂಬ ಆಡಿಕೊಂಡ. ಒಂದೇ ಕುಲುಮೆಯ ಮುಂದೆ ಕೂತು ದುಡಿದವರು ಹಾವು ಮುಂಗುಸಿಯಾದರು.

ಫ್ರಾನ್ಸಿಗೆ ಹೊರಡುವ ಮುನ್ನಾದಿನ ವೀರಶೆಟ್ಟಿ ಬೀದರಿನ ಕೋಟೆಗೆ ಹೋದ. ಮಳೆ ಬಿಸಿಲು ತಾಗದ ಹಳೆಯ ಗೋಡೆಯ ಮಣ್ಣನ್ನು ನವಸಾಗರದ ಉಪ್ಪಿನ ಜೊತೆ ಕುದಿಸಿದರೆ ಬಿದ್ರಿಗೆ ಕಪ್ಪು ಏರುತ್ತದೆ. ಎಲ್ಲ ಮಣ್ಣೂ ಆಗದು. ಯಾವುದು ಆದೀತೆಂದು ಕಸುಬಿನವರು ನಾಲಿಗೆಗೆ ಹಚ್ಚಿಕೊಂಡು ತಿಳಿಯುತ್ತಾರೆ. ಅವನು ಏಳು ಕಡೆ ನೆಕ್ಕಿ ನೋಡಿದ. ಏಳೂ ಸಪ್ಪೆ; ಇಷ್ಟು ದಿನ ಊಟ ಸಪ್ಪೆಯಾದಾಗ ಅಡುಗೆಯದೇ ತಪ್ಪು ಎಂದುಕೊಂಡಿದ್ದ.

ನೇರ ಪ್ರಯೋಗಶಾಲೆಗೆ ನುಗ್ಗಿದ. “ಮಣ್ಣಿನ ರುಚಿ ಹತ್ತವಲ್ದ್ರಿ. ಏನ್ ಮಾಡೀರಿ ನನ್ನ ನಾಲಿಗಿಗೆ?”

ಪೊರೆಯ ಆಜ್ಞೆ ಸ್ನಾಯುಗಳಿಗೆ ಗೊಂದಲವಿಲ್ಲದೆ ತಲುಪಲೆಂದು ರುಚಿಯ ನರಗಳನ್ನು ಮಲಗಿಸಿರುತ್ತೇವೆ, ಎರಡು ವರ್ಷದಲ್ಲಿ ತಾವಾಗಿ ಏಳುತ್ತವೆ ಎಂದು ಸುಲಭಾ ತಲೆ ಎತ್ತದೆ ವಿವರಿಸಿದರು. ಉಳಿದವರೆಲ್ಲ ಸಾರು ಸಪ್ಪೆ ಎಂದಷ್ಟೇ ದೂರಿದ್ದರಂತೆ.

“ಮಣ್ಣು ನೆಕ್ಕೋರು ಬರ್ತಾರಂತ ನಮಗೇನು ಕನಸು ಬಿದ್ದಿತ್ತೇನು?” ಎಂದರು.

ಬೇರೆ ದಾರಿಯಿರಲಿಲ್ಲ. ಮಾನ ಮರ್ಯಾದೆ ಬದಿಗಿಟ್ಟು ತಮ್ಮನ ಮನೆಗೆ ಹೋದ. ಬಕ್ಕಪ್ಪ ಕೂಡು ಎನ್ನಲಿಲ್ಲ. ಅಣ್ಣನ ಪಾಡು ಕೇಳಿ, ಚಪ್ಪಲಿ ಮೆಟ್ಟಿ ಕೋಟೆಗೆ ಬಂದ. ಎರಡು ಕಡೆ ಸವಿದು ಉಗಿದ, ಮೂರನೆಯ ಕಡೆಯ ಮಣ್ಣನ್ನು ಚೀಲಕ್ಕೆ ತುಂಬಿದ.

“ಇದು ಒಯ್ಯಿ. ಕರ್ರಗಾಗ್ತದ” ಎಂದು ಹೇಳಿ ಹೊರಟುಹೋದ.

ಅಷ್ಟು ಸಲೀಸಾಗಿ ಕೊಟ್ಟದ್ದೇ ವೀರಶೆಟ್ಟಿಗೆ ಚುಚ್ಚಿತು. ಓಣಿಯಲ್ಲಿ ತನ್ನ ಮರ್ಯಾದೆ ಕಳೆದವನು ಒಳ್ಳೆಯ ಮಣ್ಣು ಕೊಟ್ಟಾನೆಯೇ? ಫ್ರಾನ್ಸಿನಲ್ಲಿ ತನ್ನನ್ನು ನಗೆಪಾಟಲು ಮಾಡಲು ಹೂಡಿದ ಆಟ ಇದು ಎಂದುಕೊಂಡ. ಚೀಲದ ಮಣ್ಣನ್ನು ಅಲ್ಲೇ ಸುರಿದು, ಕಣ್ಣಂದಾಜಿನಲ್ಲಿ ಬೇರೆ ಗೋಡೆಯ ಮಣ್ಣು ತುಂಬಿಕೊಂಡ.

ಫ್ರಾನ್ಸಿನಲ್ಲಿ ಅವನು ಮೂವತ್ತು ಮಾತನ್ನೂ ಒಂದಕ್ಷರ ತೊದಲದೆ ಆಡಿದ. ಹೂದಾನಿ ಮಾತ್ರ ಬೂದಿ ಬಣ್ಣದಲ್ಲೇ ಉಳಿಯಿತು. ಜನ ಎದ್ದುನಿಂತು ಅವನ ಉಚ್ಚಾರಕ್ಕೆ ಚಪ್ಪಾಳೆ ತಟ್ಟಿದರು. ಕೆಲಸ ಕೊಡಲಾಗದೆಂದು ಅಧಿಕಾರಿ ನಯವಾಗಿ ತಿಳಿಸಿದ.

ಸಂಜೆ ಬಕ್ಕಪ್ಪನೇ ಫೋನ್ ಮಾಡಿದ.

“ಅಣ್ಣಾ, ಕರ್ರಗಾತೇನ?”

“ಆಗ್ಯಾದ” ಎಂದ ವೀರಶೆಟ್ಟಿ, ಆ ಮಣ್ಣು ಸುರಿದುಬಿಟ್ಟದ್ದನ್ನು ಮುಚ್ಚಿಟ್ಟು. ಅತ್ತ ಬೀದರಿನಲ್ಲಿ, ತಾನು ಆರಿಸಿಕೊಟ್ಟ ಮಣ್ಣನ್ನು ನಂಬಿ, ಹತ್ತು ವರ್ಷದ ಕೆಲಸ ಬಂದೇ ಬಂತೆಂದು ಬಕ್ಕಪ್ಪ ಆಗಲೇ ಕಾರ್ಖಾನೆಯ ಕುಲುಮೆ ಹೊತ್ತಿಸಿ, ಓಣಿಯವರಿಗೆಲ್ಲ ಪೇಢೆ ಹಂಚುತ್ತಿದ್ದ.