ಒಬ್ಬಳೇ ತಿಂದ ಹಣ್ಣು

"ಬೇಡ ಅಂದೆನಲ್ಲ! ನಾನು ತಿನ್ನಲ್ಲ!"

ಬೋರಿಮ್ ಹಾಗೆ ರೇಗಿದ್ದಕ್ಕೆ, ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಹಣ್ಣು ಹಿಡಿದು ಚಾಚಿದ ಕೈಯೊಂದು ಅವಳೆದುರು ಹಾಗೇ ನಿಂತಿತ್ತು. ಹಣ್ಣಿನ ಒಗರು ತಾಗಿ ಕಪ್ಪಾದ ಅಗಲವಾದ ಕೈ.

"ಬೇಡದಿದ್ರೆ ಬಿಡಿ... ಅದಕ್ಕೆ ಕಣ್ಣಲ್ಲೇ ಸುಟ್ಟುಬಿಡ್ಬೇಕಾ?" ಎಂದು ನಕ್ಕ ಅವನು.

ಅವನು ಜಿನ್‌ತೇ. ಆ ತೋಟದ ಯಜಮಾನ, ನಲವತ್ತಾದರೂ ಮದುವೆಯಾಗದವನು. ಅವಳು ಸಾಂಗ್ಜು ಊರಿಗೆ ಹೊಸಬಳು, ಸಂತೆ ಬೀದಿಯಲ್ಲಿ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಇಟ್ಟವಳು. ಸುಗ್ಗಿಯಲ್ಲಿ ಅಂಗಡಿಗೆ ಬರಲು ಪುರುಸೊತ್ತಿಲ್ಲದ ಹೆಂಗಸರಿಗೆ ತೋಟದಲ್ಲೇ ಕೂದಲು ಕತ್ತರಿಸಿಕೊಡೋಣವೆಂದು ಬಂದಿದ್ದಳು.

'ಅಯ್ಯೋ, ಪಾಪ... ಯಾಕಷ್ಟು ಒರಟಾಗಿ ಅಂದುಬಿಟ್ಟೆ?'

ಯಾಕೆಂದು ಅವಳಿಗೇ ಗೊತ್ತಿತ್ತು. ರಾಜಧಾನಿ ಸೋಲ್‌ನಲ್ಲಿದ್ದಾಗ ಹೊಟ್ಟೆಯ ಕ್ಯಾನ್ಸರ್ ಆಗಿ, ಜಠರದ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತರಿಸಿ ತೆಗೆದಿದ್ದರು. "ಪರ್ಸಿಮನ್ ಮುಟ್ಟಲೇಬೇಡಿ, ನಿಮ್ಮ ಹೊಟ್ಟೇಲಿ ಅದು ಕಲ್ಲಾಗಿಬಿಡುತ್ತೆ" ಎಂದು ವೈದ್ಯರು ಎಚ್ಚರಿಸಿದ್ದರು. ಆಗ ಮದುವೆ ಗೊತ್ತಾಗಿದ್ದವನು ಆಸ್ಪತ್ರೆಗೆ ಒಮ್ಮೆ ಬಂದ. ಎರಡನೇ ಸಲ ಅವನ ತಾಯಿ ಬಂದರು. ಅವಳ ಕೈ ಹಿಡಿದು ಅತ್ತು, "ನನಗಿರೋನು ಒಬ್ಬನೇ ಮಗ ಕಣಮ್ಮಾ..." ಎಂದರು.

ಅಲ್ಲಿಗೆ ಮುಗಿಯಿತು. ಆಮೇಲೆ ಬೋರಿಮ್ ಯಾರಿಗೂ ಏನೂ ಹೇಳಲಿಲ್ಲ. ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆ ಯಾರಾದರೂ ಕಂಡಾರೆಂದು ಹೆಂಗಸರೆಲ್ಲ ಒಟ್ಟಿಗೆ ಮೀಯುವ ಊರಿನ ಸ್ನಾನದ ಮನೆಗೂ ಹೋಗುತ್ತಿರಲಿಲ್ಲ. "ಸೋಲ್‌ನವಳಿಗೆ ನಮ್ಮ ಜೊತೆ ಮೀಯೋಕೆ ಕೊಬ್ಬು" ಎಂದು ಹೆಂಗಸರು ಮೂತಿ ತಿರುಗಿಸಿದರು. ಇವಳು ಅದನ್ನೂ ನುಂಗಿಕೊಂಡಳು.

ಜಿನ್‌ತೇ ಮಾತ್ರ ಬಿಡಲಿಲ್ಲ. ಕೂದಲು ಬೆಳೆಯದಿದ್ದರೂ ಅಂಗಡಿಗೆ ಬರುತ್ತಿದ್ದ.

"ಮೊನ್ನೆ ತಾನೇ ಕತ್ತರಿಸಿದೀನಲ್ರೀ!"

"ಮತ್ತೆ ಬೆಳೀತು."

"ಎಲ್ಲಿ?"

"ನೀವೇ ಹುಡುಕಿ."

ಅವನು ಹೋದ ಮೇಲೆ ಅವಳು ಒಬ್ಬಳೇ ನಗುತ್ತಿದ್ದಳು. ನಕ್ಕ ಮೇಲೆ ಅಂಗಡಿ ಇನ್ನಷ್ಟು ಖಾಲಿ ಅನ್ನಿಸುತ್ತಿತ್ತು.

ಹೊಸ ವರ್ಷದ ಹಬ್ಬದ ಹಿಂದಿನ ದಿನ ಅವನು ಒಗೆದ ಅಂಗಿ ತೊಟ್ಟು ಬಂದ. ಕೈಯಲ್ಲೊಂದು ಪೆಟ್ಟಿಗೆ. ಒಣಗಿ, ಮೈತುಂಬ ಬಿಳಿ ಸಿಹಿಪುಡಿ ಕಟ್ಟಿದ ಪರ್ಸಿಮನ್‌ಗಳು.

"ನಾನೇ ಆರಿಸಿಟ್ಟಿದ್ದು. ನಾಳೆ... ನಮ್ಮನೆಗೆ ಊಟಕ್ಕೆ ಬರ್ತೀರಾ? ಅಮ್ಮನೂ ಹೇಳಿದ್ದಾರೆ."

ಹಬ್ಬದ ದಿನ ಹಿರಿಯರಿಗೆ ಎಡೆಯಿಡುವ ಮನೆಗೆ ಹೆಣ್ಣೊಬ್ಬಳನ್ನು ಕರೆದರೆ ಏನರ್ಥವೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬೋರಿಮ್‌ಳ ಎದೆ ಕುಣಿಯಿತು. ಮರುಗಳಿಗೆಗೇ ಆಸ್ಪತ್ರೆಗೆ ಬಂದಿದ್ದ ಆ ತಾಯಿಯ ಅಳು ನೆನಪಾಯಿತು. 'ಇವನಿಗೂ ತಾಯಿ ಇದ್ದಾರೆ. ನಾಳೆ ನನ್ನ ಕಾಯಿಲೆ ಮರುಕಳಿಸಿದರೆ?'

"ಬರಲ್ಲ. ಈ ಹಣ್ಣೂ ತಗೊಂಡು ಹೋಗಿ."

"ಹಣ್ಣು ಬೇಡವೋ... ನಾನು ಬೇಡವೋ?"

"ಎರಡೂ!"

ಜಿನ್‌ತೇ ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ನೋಡದೆ ಹೋದ.

ಹಬ್ಬದ ದಿನ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎದುರು ಮನೆಯೊಳಗಿಂದ ಮಕ್ಕಳ ಗಲಾಟೆ, ಎಣ್ಣೆಯಲ್ಲಿ ಕರಿಯುವ ವಾಸನೆ. ಒಬ್ಬಳಿಗಾಗಿ ಯಾಕೆ ಒಲೆ ಹಚ್ಚುವುದೆಂದು ಬೋರಿಮ್ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಪೆಟ್ಟಿಗೆ ತೆರೆದಳು. 'ಒಂದು ತಿಂದರೆ ಏನಾದೀತು?'

ಎಷ್ಟು ಸಿಹಿ! ಸರಿಯಾಗಿ ಅಗಿಯಲೂ ಆಗದಷ್ಟು ಅಳು ಬಂತು. ಅಳುತ್ತಲೇ ಇನ್ನೊಂದು ತಿಂದಳು... ಮತ್ತೊಂದು... ಅವನು ಕರೆದ ಹಬ್ಬದೂಟ ಇದೇ ಎಂಬಂತೆ, ಗೋಡೆಗೊರಗಿ ಕೂತು, ತಳ ಕಾಣುವವರೆಗೂ ತಿಂದಳು.

ಮರುದಿನದಿಂದ ನೀರೂ ನಿಲ್ಲಲಿಲ್ಲ. ಕುಡಿದದ್ದೆಲ್ಲ ವಾಂತಿ. ಹೊಟ್ಟೆ ಉಬ್ಬಿ, ಹಿಂಡುವ ನೋವು.

'ಬಂತು... ಅದೇ ಕಾಯಿಲೆ ಮತ್ತೆ ಬಂತು!'

ಬಾಡಿಗೆ ಕಾರಿನಲ್ಲಿ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದಳು. ದಾದಿ ಕೇಳಿದಳು, "ಜೊತೆಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಮನೆಯವ್ರು?"

"ಇಲ್ಲ."

"ಯಾರಾದ್ರೂ ಒಬ್ರು ಇರ್ತಾರಲ್ಲಮ್ಮಾ... ನಿಮಗೆ ಹೀಗಾಗಿದೆ ಅಂತ ಯಾರಿಗೆ ಹೇಳ್ಲಿ?"

ಹೇಳಲು ಯಾರೂ ಇಲ್ಲದೆ ಎಷ್ಟು ವರ್ಷ ಬದುಕಿದ್ದಳು! ಇಂದು ಮಾತ್ರ, ಇಲ್ಲೇ ಸತ್ತರೆ ಅವನಿಗೆ ಏನೂ ತಿಳಿಯದೆ ಹೋಗುತ್ತದಲ್ಲ ಎಂದು ಭಯವಾಯಿತು. ಕಣ್ಣು ಮುಚ್ಚಿ ಜಿನ್‌ತೇಯ ಫೋನ್ ನಂಬರ್ ಹೇಳಿದಳು.

ಅವನು ಓಡಿ ಬಂದಾಗ ವೈದ್ಯರು ಅವಳ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ ಆಗಿತ್ತು.

"ಕ್ಯಾನ್ಸರ್ ಕಾಣಿಸ್ಲಿಲ್ಲ. ಪರ್ಸಿಮನ್ ಗಟ್ಟಿಯಾಗಿ ಕಲ್ಲಾಗಿದೆ, ಜಠರದಿಂದ ಕರುಳಿಗೆ ಹೋಗೋ ದಾರಿಗೆ ಅಡ್ಡ ಕೂತಿದೆ. ಮೊದಲು ಕೋಲಾ ಹಾಕಿ ಮೆತ್ತಗೆ ಮಾಡ್ತೀವಿ, ಆಮೇಲೆ ಒಡೆದು ತೆಗೀತೀವಿ."

"ಕೋಲಾನಾ? ಅಂಗಡೀಲಿ ಸಿಗೋ ಕೋಲಾನಾ?" ಎಂದು ಕೇಳಿದ ಜಿನ್‌ತೇ.

"ಹೌದು, ಅದೇ. ಅಲ್ರೀ, ಜಠರ ಕತ್ತರಿಸಿಕೊಂಡವ್ರಿಗೆ ಒಂದು ಪೆಟ್ಟಿಗೆ ಹಣ್ಣು ಯಾರು ಕೊಟ್ರು?"

"ನಾನೇ," ಎಂದ ಅವನು. ವೈದ್ಯರು ಹೋದ ಮೇಲೆ ಮಂಚದ ಪಕ್ಕ ಕೂತ.

"ನನಗೆ ಯಾಕೆ ಹೇಳ್ಲಿಲ್ಲ? ನನ್ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ..."

"ಹೇಳಿದ್ರೆ ನೀವೂ ಹೋಗಿಬಿಡ್ತಿದ್ರಿ."

"ಹೇಳದೇನೇ ಕಳಿಸಿದ್ರಲ್ಲ!"

ಅವಳ ಕಣ್ಣೀರು ಕಿವಿಯತ್ತ ಹರಿಯಿತು.

"ಆಗಲ್ಲ ಅಂತ ಗೊತ್ತಿದ್ದೂ ಯಾಕೆ ತಿಂದ್ರಿ, ಹುಚ್ಚಿ?"

"ನೀವು ಕೊಟ್ಟಿದ್ದು ಅಂತ... ಹಬ್ಬದ ದಿನ ನನ್ನ ಹತ್ತಿರ ನಿಮ್ಮದು ಅಂತ ಇದ್ದಿದ್ದು ಅದೊಂದೇ."

ಅವನು ಅವಳ ಕೈಯನ್ನು ತನ್ನೆರಡು ಕೈಗಳೊಳಗೆ ಮುಚ್ಚಿಕೊಂಡ.

"ಕಾಯಿಲೆ ಮತ್ತೆ ಬಂದ್ರೆ?" ಎಂದಳು ಬೋರಿಮ್.

"ಬಂದ್ರೆ ಹೀಗೇ ಓಡಿ ಬರ್ತೀನಿ."

"ನಿಮ್ಮಮ್ಮ ಅಳ್ತಾರೆ."

"ಅಳ್ಲಿ. ನಾನೂ ಅಳ್ತೀನಿ. ನೀವೊಬ್ರೇ ಕೂತು ಅಳೋದಕ್ಕಿಂತ ಅದು ವಾಸಿ."

ಅವಳು ಮುಖ ಆ ಕಡೆ ತಿರುಗಿಸಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದಳು, "ಜಿನ್‌ತೇ ಅವ್ರೇ... ನೀವು ನನಗೆ ಬೇಕು. ಅವತ್ತೂ ಬೇಕಾಗಿದ್ರಿ."

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಹೊಟ್ಟೆ ನೋಯ್ತಿದೆ ಅಂದೆ."

"ಅದಲ್ಲ!"

ಅಷ್ಟು ನೋವಿನಲ್ಲೂ ಅವಳಿಗೆ ನಗು ಬಂತು. "ಬೇಕು ಅಂದೆ. ಈಗ ಸುಮ್ನೆ ಇಲ್ಲೇ ಕೂತ್ಕೊಳ್ಳಿ."

"ಕೂತಿದೀನಿ," ಎಂದ ಜಿನ್‌ತೇ.