ಅಂಚಿನ ಮೂರು ತ್ರಿಕೋನ

ಮೂರು ದಿನದಿಂದ ಶ್ರೀರಂಗಯ್ಯ ತನ್ನ ಕಡೆ ತಿರುಗಿಯೂ ನೋಡಿಲ್ಲವೆಂದು ಸಿದ್ದಕ್ಕನಿಗೆ ಮುನಿಸು. ಎಂಬತ್ನಾಲ್ಕನೇ ಇಸವಿಯ ಬೇಸಿಗೆ. ತಿಪಟೂರಿನ ಸರ್ವೆ ಆಫೀಸಿನಲ್ಲಿ ಅವನು ನಕ್ಷೆ ಬರೆಯುವವನು, ಅವಳು ಅದನ್ನು ಟ್ರೇಸಿಂಗ್ ಹಾಳೆಗೆ ಇಳಿಸುವವಳು.

"ಯಾರ ಮೇಲೆ ಸಿಟ್ಟು ಸಾರ್? ನನ್ ಮೇಲಾ, ಹಾಳೆ ಮೇಲಾ?" ಪೆನ್ನಿನ ತುದಿ ಒರೆಸುತ್ತ ಕೇಳಿದಳು. ಓರೆಗಣ್ಣು ಮಾತ್ರ ಅವನ ಮೇಲೇ ಇತ್ತು.

"ಸಿಟ್ಟಲ್ಲ ಕಣ್ರೀ. ಹೆದರಿಕೆ."

ಪಾಪ, ಅವನಾದರೂ ಹೇಗೆ ಹೇಳಿಯಾನು. ಮೇಜಿನ ಮೇಲಿದ್ದದ್ದು ಹೊಸ ಕೆರೆಯ ನಕ್ಷೆ. ಎತ್ತರ ಅಳೆದ ಜಾಗಗಳನ್ನು ಗೆರೆಯಿಂದ ಕೂಡಿಸಿ, ನೆಲವನ್ನು ತ್ರಿಕೋನಗಳಾಗಿ ಒಡೆದು, ನೀರು ಎಲ್ಲಿವರೆಗೆ ನಿಲ್ಲುತ್ತದೆಂದು ಹೇಳುವುದು ಅವನ ಕೆಲಸ. ಅಂಚಿನಲ್ಲಿ ಮೂರು ತ್ರಿಕೋನಗಳು ತೆಂಗಿನಗರಿಯ ಕಡ್ಡಿಯಂತೆ ಉದ್ದಕ್ಕೆ, ತೆಳ್ಳಗೆ ಬಿದ್ದಿದ್ದವು. ಅಂಥವನ್ನು ನಂಬಬಾರದು. ದೂರದ ಎರಡು ದಿಬ್ಬಗಳನ್ನು ನೇರವಾಗಿ ಕೂಡಿಸಿ, ನಡುವಿನ ತಗ್ಗನ್ನೂ ದಿಬ್ಬವೆಂದೇ ತೋರಿಸುತ್ತವೆ. ಅಳಿಸಿ, ಮತ್ತೆ ಅಳೆಯಬೇಕು.

ಆ ತಗ್ಗಿನಲ್ಲಿತ್ತು, ಕಂದಿಕೆರೆ ಕಡೆಯ ಸಿದ್ದಕ್ಕನ ಹಟ್ಟಿ.

ಹಟ್ಟಿಯ ಮುಳ್ಳುಬೇಲಿ ದಾಟಬೇಕಾದರೆ ಚಪ್ಪಲಿ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಅಳತೆಗೆ ಹೋದವರು ಕಾದ ನೆಲಕ್ಕೆ ಹೆದರಿ, ಹೊರಗಿನ ದಿಬ್ಬಗಳ ಮೇಲೇ ಅಳತೆ ಕೋಲು ನಿಲ್ಲಿಸಿ ಬಂದಿದ್ದರು. ಅನುಮಾನ ಬಂದು ಭಾನುವಾರ ಶ್ರೀರಂಗಯ್ಯನೇ ಬರಿಗಾಲಲ್ಲಿ ಒಳಹೊಕ್ಕು ಅಳೆದಿದ್ದ. ನೀರಿನ ಮಟ್ಟಕ್ಕಿಂತ ಎರಡಾಳು ಕೆಳಗಿತ್ತು ಹಟ್ಟಿ.

ಈಗ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟ. ಅವಳ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

"ಅಳಿಸದಿದ್ರೆ?"

"ಮುಳುಗಡೆ ಪಟ್ಟೀಲಿ ನಿಮ್ಮ ಹಟ್ಟಿ ಇರಲ್ಲ. ಯಾರೂ ಏಳಿ ಅನ್ನಲ್ಲ. ಮಳೆಗಾಲದಲ್ಲಿ ನೀರೇ ಬಂದು ಎಬ್ಬಿಸ್ತದೆ."

"ಅಳಿಸಿದ್ರೆ?"

"ಹಟ್ಟಿ ಪಟ್ಟಿಗೆ ಸೇರ್ತದೆ, ಎಲ್ರನ್ನೂ ಎಬ್ಬಿಸ್ತಾರೆ. ನಿಮ್ಮಪ್ಪನ ಮನೆ ಕಳೆದೋನು ನಾನೇ ಆಗ್ತೀನಿ. ಈ ತಿಂಗಳು ನಿಮ್ಮನೇಗೆ ಬಂದು ಹೆಣ್ಣು ಕೇಳ್ಬೇಕು ಅಂತಿದ್ದೆ ಕಣ್ರೀ. ಅದಕ್ಕೇ ರಬ್ಬರು ಮುಟ್ಟಿಲ್ಲ."

ಎಷ್ಟು ತಿಂಗಳಿಂದ ಕಾದಿದ್ದ ಮಾತು. ಬಂದದ್ದು ಇಂಥ ಹೊತ್ತಿನಲ್ಲಿ. ಅವಳ ಕಣ್ಣು ತುಂಬಿತು. ಎದ್ದು ಬಂದು ರಬ್ಬರನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ನಮ್ಮಪ್ಪ ಅಂಗಳದಲ್ಲೇ ಮಲಗೋದು. ನೀರು ರಾತ್ರಿ ಬಂದ್ರೆ? ಅಳ್ಸಿ."

ಅವನು ಅಳಿಸಿದ. ತಾನು ಅಳೆದುಕೊಂಡು ಬಂದ ಮಟ್ಟಗಳನ್ನು ಗುರುತು ಹಾಕಿ ನೀರಿನ ಗೆರೆಯನ್ನು ಹೊಸದಾಗಿ ಎಳೆದ. ಅದು ದಿಬ್ಬ ಬಳಸಿ, ಬೇಲಿ ದಾಟಿ, ಮನೆಗಳ ಹಿಂದೆ ಹೋಗಿ ನಿಂತಿತು. ಅವಳು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಈಗ ನಿಮ್ಮಪ್ಪನ ಹತ್ರ ಯಾವ ಮುಖ ಇಟ್ಕೊಂಡು ಬರ್ಲಿ?"

"ಬಯ್ದೇ ಬಯ್ತಾನೆ. ಬಯ್ಸಿಕೊಳ್ಳಿ," ಎಂದಳು ಸಿದ್ದಕ್ಕ. "ಆದ್ರೆ ಆ ಮನೆಗೆ ಬಾಗ್ಲು ಇರೋವಾಗ್ಲೇ ಬನ್ನಿ."