ನಳಿಗೆಯ ಕೊನೆಯ ಗುಂಡು

ನ್ಯೂಟ್ರಾನ್ ಕಿರಣ ಬಂದೂಕಿನ ನಳಿಗೆಯನ್ನು ಹಾಯತೊಡಗಿತು. ಬಾಯಿಯಿಂದ ಮದ್ದು ಸುರಿದು, ಗುಂಡಿಟ್ಟು, ಗಜವೆಂಬ ಉದ್ದ ಸರಳಿನಿಂದ ಜಡಿಯುವ ಹಳೇ ಬಂದೂಕು ಅದು. ೨೦೬೩ರ ಆ ದಿನಕ್ಕೆ ಅದಕ್ಕೆ ಇನ್ನೂರು ವರ್ಷ ಮೀರಿತ್ತು.

ಇಂದುಮತಿ ತಾನೇ ಕಟ್ಟಿದ ಯಂತ್ರದ ಪರದೆಯನ್ನು ನೋಡುತ್ತಿದ್ದಳು. ಕಬ್ಬಿಣಕ್ಕೆ ಬಿದ್ದ ಪ್ರತಿ ಏಟೂ ಅದರೊಳಗಿನ ಹರಳುಗಳನ್ನು ಕಣ್ಣಿಗೆ ಕಾಣದಷ್ಟು ಸರಿಸುತ್ತದೆ; ಸರಿದ ಹರಳು ಮೊದಲಿನ ಜಾಗಕ್ಕೆ ಮರಳುವುದಿಲ್ಲ. ವಿದ್ಯುದಂಶವಿಲ್ಲದ ಈ ನ್ಯೂಟ್ರಾನ್ ಕಣಗಳು ಲೋಹವನ್ನು ಕೊಯ್ಯದೆ ಒಳಹೊಕ್ಕು ಅದನ್ನೇ ಓದುತ್ತಿದ್ದವು: ಬಡಿದವನ ಸುತ್ತಿಗೆ ಯಾವ ಕಡೆ ವಾಲುತ್ತಿತ್ತು, ಎಷ್ಟು ಏಟಿಗೊಮ್ಮೆ ಅವನು ಉಸಿರೆಳೆದುಕೊಳ್ಳುತ್ತಿದ್ದ, ಆಮೇಲೆ ಎಷ್ಟು ಗುಂಡು ಸಿಡಿದವು.

ಮೇಜಿನ ಆಚೆ ಬಂದೂಕಿನ ಒಡೆಯ ಸಂಗನಬಸವ ದೇಸಾಯಿ ಕೂತಿದ್ದ. ಈಚೆ ಗಾಳಿಗಿರಣಿಗಳಿಗೆ ಬೆಸುಗೆ ಹಾಕುವ ಮೌನೇಶ. ಅವನ ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.

ಇಂಗ್ಲಿಷ್ ಕಂಪನಿಯ ದಂಡು ಬಂದ ದಿನ ಈ ಬಂದೂಕು ಸಿಡಿಯಲಿಲ್ಲ, ಅದನ್ನು ಮಾಡಿದ ಕಮ್ಮಾರ, ಮೌನೇಶನ ಪೂರ್ವಜ, ಲಂಚ ತಿಂದು ನಳಿಗೆ ಕೆಡಿಸಿದ್ದ, ದೇಸಾಯಿಯ ಹಿರಿಯ ಅದರಿಂದಲೇ ಸತ್ತ ಎಂಬುದು ಊರಿನ ಮಾತು. ಅದಕ್ಕೇ ಪ್ರತಿ ಆಯುಧಪೂಜೆಗೆ ಆ ಕಮ್ಮಾರರ ಮನೆಯವನೊಬ್ಬ ದೇಸಾಯರ ವಾಡೆಯ ಹೊಸ್ತಿಲ ಮೇಲೆ ಬಲಗೈ ಇಡಬೇಕು. ದೇಸಾಯಿ ಬಂದೂಕಿನ ಹಿಡಿಯಿಂದ ಅದನ್ನು ಮುಟ್ಟಬೇಕು. ಅಜ್ಜಂದಿರ ಕಾಲಕ್ಕೆ ಬರೀ ಮುಟ್ಟುತ್ತಿದ್ದರು. ಕಳೆದ ವರ್ಷ ಮೌನೇಶನ ಬೆರಳ ಮೂಳೆ ಪುಡಿಯಾಯಿತು.

ಮೌನೇಶ ಪಂಚರ ಮುಂದೆ ಹಟ ಹಿಡಿದಿದ್ದ: ಬಂದೂಕಿನ ಮೇಲೆ ಪರದೇಶದ ಮುದ್ರೆ ಇದೆ, ನಮ್ಮವರು ಮಾಡಿದ್ದೇ ಅಲ್ಲ. ಇಬ್ಬರೂ ಅಲ್ಲಿ ಮಾತು ಕೊಟ್ಟಿದ್ದರು: ಅಲ್ಲವೆಂದಾದರೆ ಪದ್ಧತಿ ನಿಲ್ಲುತ್ತದೆ. ಹೌದಾದರೆ ಮುಂದಿನ ಹಬ್ಬಕ್ಕೆ ಅವನ ಎಡಗೈ.

ಪರದೆಯ ಮೇಲಿನ ಅಂಕಿಗಳು ನಿಂತವು. ಇಂದುಮತಿ ಅವನ್ನು ಮೊದಲಿನಿಂದ ಮತ್ತೆ ಓದತೊಡಗಿದಳು.

"ಹೇಳ್ರಿ ಬಾಯಾರ," ಎಂದ ದೇಸಾಯಿ. "ಕಬ್ಬಿಣ ಮಾತಾಡ್ತದ ಅಂದ್ರಿ, ನೀವ ಮೂಕಾದ್ರಿ."

"ಮುದ್ರೆ ನಕಲಿ," ಎಂದಳು. "ಆಗ ಪರದೇಶದ ಮುದ್ರೆ ಇದ್ದರೆ ಮಾತ್ರ ಸಿಪಾಯಿಗಳು ಬಂದೂಕನ್ನು ನಂಬುತ್ತಿದ್ದರು. ನಿಮ್ಮೂರಿನ ಕಮ್ಮಾರರ ಮನೆಯ ಹಳೇ ನೇಗಿಲ ಕುಳ ತಂದಿದ್ದಿರಲ್ಲ, ಅದನ್ನು ಬಡಿದ ಕೈಯೇ ಈ ನಳಿಗೆಯನ್ನೂ ಬಡಿದಿದೆ. ಮೌನೇಶ, ಮಾಡಿದ್ದು ನಿಮ್ಮವರೇ."

ದೇಸಾಯಿ ತೊಡೆ ತಟ್ಟಿ ನಕ್ಕ. "ಲೇ ಮೌನ್ಯಾ, ಎಡಗೈಗೆ ಈಗಿಂದ್ಲ ಎಣ್ಣಿ ತಿಕ್ಕೋ."

ಮೌನೇಶ ಎಡಗೈಯನ್ನು ಮೇಜಿನಿಂದ ಕೆಳಗಿಳಿಸಿದ.

"ಇನ್ನೂ ಮುಗಿದಿಲ್ಲ," ಎಂದಳು ಇಂದುಮತಿ. "ನಳಿಗೆಯ ಬೆಸುಗೆಯಲ್ಲಿ ಕೂದಲಷ್ಟೂ ದೋಷವಿಲ್ಲ. ನಲವತ್ತೊಂದು ಸಲ ಸಿಡಿದಿದೆ, ಒಂದು ಸಲವೂ ಕೆಟ್ಟಿಲ್ಲ. ಕೊನೆಯ ಗುಂಡು ಸಿಡಿದಾಗ ಬಾಯಿ ಮುಚ್ಚಿತ್ತು. ಅಂದರೆ ಅದನ್ನು ಮೈಗೆ ಒತ್ತಿ ಹಿಡಿದಿದ್ದರು. ಹಾಗೆ ಸಿಡಿದಾಗ ನಳಿಗೆ ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೂಜೆಯ ವಸ್ತುವಾದ ಮೇಲೆ ಹೊರಗೆ ಕುಂಕುಮ ಹಚ್ಚಿದಿರಿ, ಒಳಗೆ ಯಾರೂ ತೊಳೆಯಲಿಲ್ಲ. ಬೆಳಿಗ್ಗೆ ಒಳಗಿನ ಕೊಳೆ ಕೆರೆದಾಗ ಬೆರಳ ಮೂಳೆಯ ಚೂರೊಂದು ಸಿಕ್ಕಿತು. ಆಗಲೇ ಇಬ್ಬರಿಂದಲೂ ರಕ್ತ ತೆಗೆದೆವಲ್ಲ, ಅದರ ಜೊತೆ ಹೋಲಿಸಿದೆ. ಅದು ಮೌನೇಶನ ವಂಶದ್ದು."

"ಅಂದ್ರ?" ಮೌನೇಶ ಕೇಳಿದ.

"ಮಾಡಿದವನ ಕೈಯನ್ನೇ ಈ ಬಂದೂಕಿನಿಂದ ಹಾರಿಸಿದ್ದಾರೆ. ಯಾಕೆ ಅಂತ ಕಬ್ಬಿಣ ಹೇಳೋದಿಲ್ಲ."

ದೇಸಾಯಿ ಹಣೆಯ ಬೆವರು ಒರೆಸಿಕೊಂಡ. ಅವನು ಅಲ್ಲಿಗೆ ಸುಮ್ಮನಾಗಬಹುದಿತ್ತು.

"ತಪ್ಪು ನಮ್ಮ ಹಿರ್ಯಾರದ ಇದ್ರ ಇರ್ಲಿ," ಎಂದ. "ಮಾಡಿದ್ದು ನಿಮ್ಮವ್ರು ಅಂತ ಸಾಬೀತಾತು. ಮಾತು ಅಂದ್ರ ಮಾತು. ಹಬ್ಬಕ್ಕ ಬಾ."

ಮೌನೇಶ ಎದ್ದ. ಎಡಗೈಯಲ್ಲಿ ನಳಿಗೆಯನ್ನು ಹಿಡಿದು, ಮಡಚದ ಬೆರಳುಗಳನ್ನು ಅದಕ್ಕೆ ಆನಿಸಿ ಎತ್ತಿದ. ದೇಸಾಯಿಯ ಅಂಗೈ ಮೇಜಿನ ಮೇಲೆಯೇ ಇತ್ತು. ಹಿಡಿಯ ಮೊದಲ ಏಟಿಗೆ ಹಸಿ ಕಟ್ಟಿಗೆ ಮುರಿದ ಸದ್ದು. ಎರಡನೆಯದಕ್ಕೆ ಕಿರುಚಾಟ. ಇಂದುಮತಿ ಮೌನೇಶನ ತೋಳಿಗೆ ಜೋತುಬಿದ್ದಳು. ಅವನು ಅವಳನ್ನು ಕೊಡವಿ ಮೂರನೆಯದನ್ನೂ ಹಾಕಿದ. ಆಮೇಲೆ ಬಂದೂಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಪೊಲೀಸರು ಬರುವವರೆಗೂ ಗೋಡೆಗೆ ಮುಖ ಮಾಡಿ ಕೂತ.

ಐದು ವರ್ಷದಲ್ಲಿ ಯಂತ್ರ ಜಿಲ್ಲೆಗೊಂದಾಯಿತು. ಜನ ಅಟ್ಟಗಳಿಂದ ಕತ್ತಿ, ಕೊಡಲಿ, ಭರ್ಜಿ ಇಳಿಸಿಕೊಂಡು ಬಂದರು. ಯಾರು ಯಾರನ್ನು ಕೊಂದರೆಂಬುದು ತಿಳಿಯುತ್ತ ಹೋಯಿತು. ತಿಳಿದ ಊರುಗಳಲ್ಲಿ ಕೆಲವು ಕಡೆ ಕ್ಷಮೆ ಕೇಳಿದರು. ಹೆಚ್ಚಿನ ಕಡೆ ಹೆಣ ಬಿದ್ದವು. ನಿಜ ಗೊತ್ತಾದರೆ ಜಗಳ ನಿಲ್ಲುತ್ತದೆಂದು ತಾನು ಒಂದು ಕಾಲಕ್ಕೆ ಬರೆದಿದ್ದ ಪ್ರಬಂಧವನ್ನು ಇಂದುಮತಿ ಮತ್ತೆ ತೆರೆದು ನೋಡಲಿಲ್ಲ.

ಒಂದು ಮಧ್ಯಾಹ್ನ ಅರವತ್ತರ ಹೆಂಗಸೊಬ್ಬಳು ಹಳೇ ಸೀರೆಯಲ್ಲಿ ಸುತ್ತಿದ್ದ ಕಬ್ಬಿಣದ ಸರಳನ್ನು ಇಂದುಮತಿಯ ಮೇಜಿನ ಮೇಲೆ ಬಿಚ್ಚಿಟ್ಟಳು.

"ಎಷ್ಟು ಹಳೇದಮ್ಮಾ ಇದು?"

"ಭಾಳ ಇಲ್ರಿ. ಎರಡು ಸಾವಿರದ ಇಪ್ಪತ್ತಾರನೇ ಇಸ್ವಿ. ಓಣ್ಯಾಗ ಗಲಾಟಿ ಆತು. ನಮ್ಮಪ್ಪ ಬಾಗಲಾ ತಗದು ಹೊರಗ ಹೋದ, ಏನಂತ ಕೇಳಾಕ. ಇದು ಅವನ ಹೆಣದ ಬಾಜೂ ಬಿದ್ದಿತ್ತು."

"ಹೊಡೆದವರು ಈಗ ಇದ್ದಾರೇನು?"

"ಇರಬೇಕ್ರಿ. ಆಗ ಅವ್ರೆಲ್ಲಾ ಅದೇ ಓಣ್ಯಾನ ಹರೇದ ಹುಡುಗ್ರು." ಆಕೆ ಸೀರೆಯನ್ನು ಮಡಚತೊಡಗಿದಳು. "ಯಾರ ಮನೀದು ಅನ್ನೋದೊಂದು ಹೇಳ್ರಿ ಅಕ್ಕಾರ. ನನ್ನ ಮಗಳನ್ನ ಅದೇ ಓಣಿಗೆ ಕೊಟ್ಟೀನಿ."